ಲಾಳಿಯ ಪಕ್ಕದ ಗಾಲಿ

ಮಕ್ಕಳಿರಾ, ಹೋದ ಸಲ ರಜೆಗೆ ಬಂದಾಗ ನೀವಿಬ್ಬರೂ ದೇವರ ಜಗಲಿಯ ಮುಂದೆ ನಿಂತು ನನಗೊಂದು ಪ್ರಶ್ನೆ ಕೇಳಿದಿರಿ. ಬನಶಂಕರಿಯ ಫೋಟೋದ ಕೆಳಗೆ ನಿಮ್ಮ ಮುತ್ಯಾನ ಲಾಳಿ ಇದೆ, ಅದು ಸರಿ. ಅದಕ್ಕೆ ಒತ್ತಿಕೊಂಡು ಕೂತಿರುವ ಈ ಮುಳ್ಳುಮುಳ್ಳಿನ ರಬ್ಬರ್ ಗಾಲಿ ಯಾವ ದೇವರದು? ನಿಮ್ಮಲ್ಲಿ ಸಣ್ಣವನು ಅದನ್ನು ಮೂಸಿ ನೋಡಿ, "ಆಯಿ, ಇದನ್ನ ತಿನ್ನೂದೇನು?" ಎಂದ. ನಾನು ನಕ್ಕು ಒಳಗೆ ಹೋದೆ.

ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಎದುರಿಗೆ ನಿಂತು ಯಾರಾದರೂ ಏನಾದರೂ ಕೇಳಿದರೆ, ಅವರು ನನ್ನ ಮೊಮ್ಮಕ್ಕಳೇ ಆಗಿರಲಿ, ನನಗೆ ಮಾತು ಹೊರಡುವುದಿಲ್ಲ. ಕೇಳಿದವರು ಎದ್ದು ಹೋಗಬೇಕು, ಮನೆ ತಣ್ಣಗಾಗಬೇಕು, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರಬೇಕು. ಆಗ ಉತ್ತರ ತಾನಾಗಿ ಬಂದು ಪಕ್ಕದಲ್ಲಿ ಕೂಡುತ್ತದೆ. ಮದುವೆಯಾದ ಹೊಸದರಲ್ಲಿ ಗಜೇಂದ್ರಗಡದಿಂದ ಇಟಗಿಗೆ, ನನ್ನ ತವರಿಗೆ, ಬಸ್ಸಿನಲ್ಲಿ ಹೊರಟಿದ್ದೆ. ಇಳಿಯುವ ಜಾಗ ಬಂತು. ಕಂಡಕ್ಟರ್ ಮುಂದಿನ ಸೀಟಿನಲ್ಲಿ ಯಾರೊಂದಿಗೋ ಹರಟುತ್ತಿದ್ದ. 'ನಿಂದರಸ್ರಿ' ಎನ್ನುವ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ರೋಣದವರೆಗೆ ಹೋಗಿ, ಅಲ್ಲಿ ಎಲ್ಲರ ಜೊತೆ ಇಳಿದು, ಮತ್ತೊಂದು ಬಸ್ಸು ಹಿಡಿದು ಹಿಂದಕ್ಕೆ ಬಂದೆ. ಆ ಬಸ್ಸಿನಲ್ಲಾದರೂ ಕೂಗಿದೆನೇ? ಇಲ್ಲ. ಪುಣ್ಯಕ್ಕೆ ಇನ್ನೊಬ್ಬಾಕೆ ಅಲ್ಲೇ ಇಳಿದಳು.

ಅಂಥ ನಾನು ನರಗುಂದದ ಬಯಲಲ್ಲಿ, ಇಡೀ ಊರು ನೋಡುತ್ತಿರುವಾಗ, ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು ನಿಂತಿದ್ದೆ ಎಂದರೆ ನಂಬುತ್ತೀರಾ? ನಂಬಬೇಕು. ಈ ಗಾಲಿ ಅಲ್ಲಿಂದಲೇ ಬಂದದ್ದು.

ಮೊದಲು ಲಾಳಿಯ ಮಾತು ಹೇಳಿಬಿಡುತ್ತೇನೆ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ನೇಯುತ್ತಿದ್ದದ್ದು ಕುಣಿಮಗ್ಗದಲ್ಲಿ. ನೆಲದಲ್ಲಿ ಒಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತರೆ ಅವರು ಅರ್ಧ ಮನುಷ್ಯ, ಅರ್ಧ ಮಗ್ಗ. ನಾನು ಪಕ್ಕದಲ್ಲಿ ರಾಟಿ ತಿರುಗಿಸಿ ಲಾಳಿಯೊಳಗೆ ಕೂಡಿಸುವ ನೂಲು ಸುತ್ತಿಕೊಡುತ್ತಿದ್ದೆ. ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುವ ಸದ್ದಿಗೆ ನಿಮ್ಮ ಅವ್ವ ತೊಟ್ಟಿಲಲ್ಲಿ ನಿದ್ದೆ ಹೋಗುತ್ತಿದ್ದಳು. ಸದ್ದು ನಿಂತರೆ ಎಚ್ಚರಾಗುತ್ತಿದ್ದಳು. ಒಮ್ಮೊಮ್ಮೆ ಲಾಳಿ ದಾರಿ ತಪ್ಪಿ, ಹಾಸು ನೂಲಿನಿಂದ ಹಾರಿ ನೆಲಕ್ಕೆ ಬೀಳುತ್ತಿತ್ತು. ನಾನು ಎತ್ತಿಕೊಡುತ್ತಿದ್ದೆ. ಎತ್ತಿದ್ದನ್ನು ಹಾಗೇ ಕೊಡುವಂತಿರಲಿಲ್ಲ. ಸೆರಗಿನಿಂದ ಧೂಳು ಒರೆಸಬೇಕು, ಕಣ್ಣಿಗೆ ಒತ್ತಿಕೊಳ್ಳಬೇಕು, ಆಮೇಲೆ ಕೊಡಬೇಕು. ಮುತ್ಯಾ ಅದನ್ನು ಇಸಿದುಕೊಂಡು ತಾನೂ ಒಮ್ಮೆ ಹಣೆಗೆ ಮುಟ್ಟಿಸಿ ಮತ್ತೆ ಓಡಿಸುತ್ತಿದ್ದರು. ಯಾರು ಕಲಿಸಿದರು ಎಂದು ಕೇಳಬೇಡಿ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ನಿಮ್ಮ ಕಾಲಿಗೆ ಪುಸ್ತಕ ತಾಗಿದರೆ ನೀವು ಮಾಡುವುದಿಲ್ಲವೇ, ಹಾಗೆ.

ಮುತ್ಯಾ ಹೋದ ಮೇಲೆ ಮಗ್ಗದ ಕಟ್ಟಿಗೆಯನ್ನೆಲ್ಲ ಬಿಚ್ಚಿ ಅಟ್ಟಕ್ಕೆ ಏರಿಸಿದೆವು. ಕುಣಿ ಮಾತ್ರ ಉಳಿಯಿತು. ಅದರ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಜೋಳದ ಚೀಲ ಇಟ್ಟಿದ್ದೆ. ಒಂದು ದಿನ ನೋಡುತ್ತೇನೆ, ಚೀಲ ಗೋಡೆಯ ಕಡೆ ಸರಿದಿದೆ, ಹಲಗೆ ಅರ್ಧ ತೆರೆದಿದೆ, ಕುಣಿಯೊಳಗೆ ಕಾಲು ಇಳಿಬಿಟ್ಟು ನಿಮ್ಮ ರೇಣುಕಾ ಅಕ್ಕ ಕೂತಿದ್ದಾಳೆ. ನನ್ನ ಮಗನ ಮಗಳು, ಕಾಲೇಜಿಗೆ ಹೋಗುವವಳು, ಮುತ್ಯಾನ ಜಾಗದಲ್ಲಿ ಮುತ್ಯಾನ ಹಾಗೆಯೇ ಬೆನ್ನು ಬಾಗಿಸಿ ಕೂತು, ಹಲಗೆಯ ಮೇಲೆ ಏನೋ ಹರಡಿಕೊಂಡಿದ್ದಳು. ಒಂದು ಕ್ಷಣ ನನಗೆ ಮಗ್ಗದ ಸದ್ದು ಕೇಳಿದಂತಾಯಿತು.

ಅವಳು ಹರಡಿಕೊಂಡದ್ದು ಒಂದು ಗಾಡಿ. ಮೊಳದುದ್ದದ ಗಾಡಿ, ಇನ್ನೂ ಗಾಡಿಯಾಗಿರಲಿಲ್ಲ. ಬಿಡಿಭಾಗಗಳು ಪುಡಿಕೆ ಪುಡಿಕೆಯಾಗಿ ಬಂದಿದ್ದವು. ಕೈಯಲ್ಲಿ ಹಿಡಿದ ರಿಮೋಟಿನಿಂದ ದೂರಕ್ಕೆ ನಿಂತು ಓಡಿಸುವಂಥದ್ದು. ಅದಕ್ಕೆ ಬಗ್ಗಿ ಎನ್ನುತ್ತಾರೆ. ಅಂಗಡಿಯಲ್ಲಿ ಕೀಲಿ ಕೊಟ್ಟು ಓಡಿಸುವ ಆಟಿಗೆ ಎಂದುಕೊಂಡು ನಾನು ನಗಬೇಕೆಂದಿದ್ದೆ. ನೋಡುತ್ತ ಕೂತ ಮೇಲೆ ನಗು ಬರಲಿಲ್ಲ. ಎಳ್ಳುಕಾಳಿನಷ್ಟು ಬೇರಿಂಗ್ ಗುಂಡುಗಳು, ಹಲ್ಲುಹಲ್ಲಿನ ಚಕ್ರಗಳು, ನಾಲ್ಕು ಗಾಲಿಗೂ ಕುಲುಕಾಟ ತಡೆಯುವ ಒಂದೊಂದು ಪುಟ್ಟ ಶಾಕಪ್. ಆ ಶಾಕಪ್ಪಿನೊಳಗೆ ಎಣ್ಣೆ ತುಂಬಬೇಕು, ತುಂಬಿ ಗುಳ್ಳೆ ಏಳದಂತೆ ನಿಧಾನವಾಗಿ ಅದುಮಬೇಕು. ಬಿಸಿಲು ಹೆಚ್ಚಾದರೆ ಎಣ್ಣೆ ದಪ್ಪಗಿರಬೇಕಂತೆ, ಚಳಿಗೆ ತೆಳ್ಳಗಂತೆ. ನಾನು ಹಪ್ಪಳದ ಹಿಟ್ಟನ್ನು ನೋಡುವ ಹಾಗೆ ಅವಳು ಎಣ್ಣೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಆಯಿ, ಒಂದು ಸಣ್ಣ ಡಬ್ಬಿ ಐತೇನ? ಸ್ಕ್ರೂ ಎಲ್ಲಾ ಉಳ್ಳಿ ಕುಣ್ಯಾಗ ಬೀಳಾಕತ್ತಾವ."

ನಾನು ಟ್ರಂಕಿನಿಂದ ನನ್ನ ಹಿತ್ತಾಳೆಯ ಭರಣಿ ತಂದುಕೊಟ್ಟೆ. ಅವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ನಿನ್ನ ಕುಂಕುಮದ ಭರಣಿ ಅಲ್ಲ?"

"ಖಾಲಿ ಐತೆಲ್ಲ. ಹಾಕ."

ಅವಳು ಒಂದೊಂದೇ ಸ್ಕ್ರೂ ಹಾಕಿದಳು, ಸದ್ದಾಗದಂತೆ. ಮೂಲೆಗಳಲ್ಲಿ ಇನ್ನೂ ಒಂದಿಷ್ಟು ಕೆಂಪು ಉಳಿದಿತ್ತೋ ಏನೋ, ಅವಳ ಗಾಡಿಯ ಕೆಲವು ಸ್ಕ್ರೂಗಳ ತಲೆ ಎಷ್ಟು ತೊಳೆದರೂ ಕೆಂಪಗೇ ಇರುತ್ತಿದ್ದವು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಮಧ್ಯಾಹ್ನದ ನಿದ್ದೆಯ ಕನಸಿನ ಹಾಗೆ ಕಾಣುತ್ತದೆ. ಗವಾಕ್ಷಿಯಿಂದ ಬಿಸಿಲಿನ ಒಂದು ಕೋಲು ಕುಣಿಯ ಮೇಲೆ ಬೀಳುವುದು, ಅದರಲ್ಲಿ ಧೂಳು ತೇಲುವುದು, ಹುಡುಗಿ ಮಾತಾಡದೆ ತಿರುಪು ಬಿಗಿಯುವುದು, ನಾನು ಪಕ್ಕದಲ್ಲಿ ಕಡಲೆ ಹಸನು ಮಾಡುವುದು. ಗಾಡಿಯ ಮೈಗೆ ಬಣ್ಣ ಹಚ್ಚುವುದನ್ನಂತೂ ನಾನು ಎವೆ ಮುಚ್ಚದೆ ನೋಡಿದೆ. ಅದರ ಮೇಲುಚಿಪ್ಪು ಗಾಜಿನ ಹಾಗೆ ಪಾರದರ್ಶಕ. ಬಣ್ಣವನ್ನು ಹೊರಗಿನಿಂದ ಹಚ್ಚುವುದಿಲ್ಲ, ಒಳಗಿನಿಂದ ಹಚ್ಚುತ್ತಾರೆ. ಎಲ್ಲಕ್ಕೂ ಮೇಲೆ ಕಾಣಬೇಕಾದ ಗೆರೆಯನ್ನು ಎಲ್ಲಕ್ಕೂ ಮೊದಲು ಎಳೆಯಬೇಕು. ರೇಣುಕಾ ಮೊದಲು ಎಳೆದದ್ದು ನಮ್ಮ ಸೀರೆಯ ಅಂಚಿನ ದಡಿ. ಮುತ್ಯಾ ನೇಯುತ್ತಿದ್ದ ಕೆಂಪು ದಡಿ, ನಡುವೆ ಬಿಳಿಯ ಸಣ್ಣ ಹಲ್ಲುಗಳು. ಅದರ ಹಿಂದೆ ಕಪ್ಪು.

ನನಗೂ ಒಂದು ಕಾಲದಲ್ಲಿ ಗಾಡಿ ಇತ್ತು, ಮಕ್ಕಳಿರಾ. ನನ್ನದಲ್ಲ, ನಮ್ಮಣ್ಣನದು. ಇಟಗಿಯಲ್ಲಿ ಸುಗ್ಗಿ ಮುಗಿದ ಮೇಲೆ ಜೋಳದ ದಂಟು ಸುಲಿದು, ಒಳಗಿನ ಬೆಂಡಿನಿಂದ ಅವನು ಚಕ್ಕಡಿ ಕಟ್ಟುತ್ತಿದ್ದ. ಜಾಲಿಮುಳ್ಳೇ ಅಚ್ಚು. ಓಣಿಯ ಹುಡುಗರೆಲ್ಲ ದಾರ ಕಟ್ಟಿ ಎಳೆದುಕೊಂಡು ಓಡಿದರೆ ಯಾರ ಚಕ್ಕಡಿ ಮೊದಲು ಮುರಿಯುತ್ತದೆ ಎನ್ನುವುದೇ ಪಂದ್ಯ. ಅಣ್ಣ ಸುಮ್ಮನೆ ಕೂಡುವವನಲ್ಲ. ಹರಿದ ಚಪ್ಪಲಿಯ ರಬ್ಬರ್ ಕತ್ತರಿಸಿ ಗಾಲಿ ಮಾಡಿದ. ಅಚ್ಚಿಗೆ ಔಡಲೆಣ್ಣೆ ಹಚ್ಚಿದ. ಎಣ್ಣೆ ಹಚ್ಚಿದ ಆ ಗಾಡಿ ಸಪ್ಪಳಿಲ್ಲದೆ ಓಡಿದಾಗ ಓಣಿಯೇ ಬೆರಗಾಯಿತು. ಎಣ್ಣೆ ಎಲ್ಲಿಂದ ಬಂತೆಂದು ಅವ್ವ ಕೇಳಿದಾಗ ಮಾತ್ರ ಸಪ್ಪಳಾಯಿತು. ರೇಣುಕಾ ತನ್ನ ಗಾಡಿಯ ಪ್ಲಾಸ್ಟಿಕ್ ಹಲ್ಲುಚಕ್ರ ತೆಗೆದು ಉಕ್ಕಿನ ಹಲ್ಲುಚಕ್ರ ಹಾಕುವಾಗ, ಹಳೇ ಮೋಟರು ಕಿತ್ತು ಹೊಸದು ಕೂಡಿಸುವಾಗ ನನಗೆ ಅಣ್ಣನ ಔಡಲೆಣ್ಣೆ ವಾಸನೆ ಬರುತ್ತಿತ್ತು.

ಆ ಇಟಗಿಯಲ್ಲೇ ನನಗೆ ಎತ್ತರದ ಒಂದು ಜಾಗ ಇತ್ತು. ಜೋಳದ ತೆನೆಯಲ್ಲಿ ಹಾಲುಕಾಳು ಕಟ್ಟಿದಾಗ ಹೊಲದ ನಡುವೆ ನಾಲ್ಕು ಗಳ ನೆಟ್ಟು ಅಟ್ಟ ಕಟ್ಟುತ್ತಿದ್ದರು. ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವ ಕೆಲಸ ನನ್ನದು. ಮಂದಿಯ ಮುಂದೆ ಉಸಿರೆತ್ತದ ನಾನು ಅಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಹಕ್ಕಿಗಳ ಮುಂದೆ ಎಂಥ ನಾಚಿಕೆ? ಕೂಗಿ ಕೂಗಿ ಸಾಕಾದ ಮೇಲೆ ಸುಮ್ಮನೆ ನಿಲ್ಲುತ್ತಿದ್ದೆ. ಗಾಳಿ ಬಂದರೆ ಇಡೀ ಹೊಲ ಒಂದೇ ಕಡೆಗೆ ವಾಲುತ್ತಿತ್ತು, ನಾನೇ ತೇಲಿ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಬಗ್ಗಿ ಪಂದ್ಯದಲ್ಲೂ ಅಂಥದೇ ಅಟ್ಟ ಇರುತ್ತದೆ. ಗಾಡಿಗಳು ನೆಲದ ಮೇಲೆ, ಓಡಿಸುವವರು ಅಟ್ಟದ ಮೇಲೆ. ನಮ್ಮ ಗಜೇಂದ್ರಗಡದಲ್ಲಿ ಗುಡ್ಡದ ಬುಡಕ್ಕೆ ಕೆಂಪು ಮಣ್ಣಿನಲ್ಲಿ ಹುಡುಗರು ದಿಬ್ಬ, ತಗ್ಗು, ತಿರುವು ಮಾಡಿ ದಾರಿ ಹಾಕಿಕೊಂಡಿದ್ದರು. ರೇಣುಕಾ ಸಂಜೆ ಅಲ್ಲಿ ಓಡಿಸುವಾಗ ನಾನು ದೂರದ ಬೇವಿನ ಗಿಡದ ಹಿಂದೆ ಕೂತು ನೋಡುತ್ತಿದ್ದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು, ಕೆಳಗೆ ಪುಟ್ಟ ಗಾಡಿ ದಿಬ್ಬ ಹತ್ತಿ ಗಾಳಿಯಲ್ಲಿ ಹಾರಿ, ನಾಲ್ಕೂ ಗಾಲಿ ಮೇಲೆ ಮೆತ್ತಗೆ ಇಳಿಯುತ್ತಿತ್ತು. ಹಾರಿದ ಆ ಒಂದು ಗಳಿಗೆ ಅದಕ್ಕೆ ಎಲ್ಲಿಗೂ ಹೋಗುವ ಅವಸರ ಇಲ್ಲವೇನೋ ಅನ್ನಿಸುತ್ತಿತ್ತು.

ರೇಣುಕಾಳಿಗೆ ಮಾತ್ರ ಅವಸರ ಇತ್ತು. ನರಗುಂದದಲ್ಲಿ ಕಡಲೆ ಕಿತ್ತ ಮೇಲೆ ನಡೆಯುವ ಪಂದ್ಯಕ್ಕೆ ಆ ಗಾಡಿ ಹಿಡಿದು ಅವಳು ಅಪ್ಪನ ಜೊತೆ ಹಿಂದಿನ ವರ್ಷಗಳಲ್ಲೂ ಹೋಗಿದ್ದಳು. ಗುಂಪು ಗುಂಪಾಗಿ ಕೆಲವು ಸುತ್ತು ಓಡಿಸಿ, ಒಬ್ಬೊಬ್ಬರ ಒಳ್ಳೆಯ ಸುತ್ತನ್ನು ಲೆಕ್ಕ ಹಿಡಿದು, ಮೊದಲ ಹತ್ತು ಮಂದಿಗೆ ಮಾತ್ರ ಫೈನಲ್. ಪ್ರತಿ ಸಲ ಅವಳು ಆ ಹತ್ತರ ಹೊಸ್ತಿಲಲ್ಲೇ ನಿಂತು ತಿರುಗಿ ಬಂದಿದ್ದಳು. "ಗೆಲ್ಲೂದ ಬ್ಯಾಡ ಆಯಿ," ಅನ್ನುತ್ತಿದ್ದಳು. "ಒಂದ್ ಸಲ ಫೈನಲ್ಲಿನಾಗ ನನ್ನ ಗಾಡಿ ಓಡಬೇಕು, ಅಷ್ಟ." ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಗಾಲಿ ನೋಡುತ್ತಿದ್ದಳು. ತೀರ ಬೇಕಾದದ್ದನ್ನು ನಮ್ಮ ಮನೆಯವರು ಹಾಗೇ ಹೇಳುವುದು.

ಆ ವರ್ಷ ಅವಳ ಅಪ್ಪನಿಗೆ ಬರಲಾಗಲಿಲ್ಲ, ಜೊತೆಗೆ ನಾನು ಹೊರಟೆ. ಗಾಡಿಗೆ ಪೆಟ್ಟಾಗಬಾರದೆಂದು ನನ್ನ ಹಳೇ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ. ರೋಣ ದಾಟಿದ ಮೇಲೆ ಕಂಡಕ್ಟರ್ ಬಂದು ತಲೆ ಬಾಗಿಸಿ ನೋಡಿದ.

"ಯಮ್ಮಾ, ಕೂಸಿಂದು ಟಿಕೀಟು?"

ರೇಣುಕಾ ಸೀರೆಯ ತುದಿ ಸರಿಸಿ ಗಾಲಿ ತೋರಿಸಿದಳು.

"ಹೌದಲೇ! ಕೂಸಿಗೆ ನಾಕ್ ಗಾಲಿ ಅದಾವ," ಎಂದ ಅವನು. "ಹಂಗಾದ್ರ ಇದು ನಮ್ಮ ಪೈಕಿನ. ಟಿಕೀಟ ಬ್ಯಾಡ ಬಿಡ್ರಿ."

ನರಗುಂದದ ಗುಡ್ಡದ ಕೆಳಗೆ ಬಯಲೆಲ್ಲ ಕಪ್ಪು ಎರೆಮಣ್ಣು. ನಮ್ಮ ಕೆಂಪು ಮಣ್ಣಿನ ಗಾಲಿ ಅಲ್ಲಿ ಹಿಡಿಯುವುದಿಲ್ಲ. ರೇಣುಕಾ ಹಿಂದಿನ ದಿನವೇ ಸಣ್ಣ ಮುಳ್ಳಿನ ಹೊಸ ಟಾಯರುಗಳನ್ನು ಗಾಲಿಗೆ ಅಂಟಿಸಿದ್ದಳು. ಪಂದ್ಯ ನಡೆಸುವವರು ನರೇಗಲ್ಲಿನ ಒಬ್ಬ ಆಟದ ಮಾಸ್ತರರು, ಕೈಯಲ್ಲಿ ಮೈಕು. ಶುರುವಿಗೆ ಕಾಯಿ ಒಡೆಯುವಾಗ ನಾನು ಅಭ್ಯಾಸದಂತೆ ಎಲ್ಲರ ಹಿಂದೆ ಸರಿದು ನಿಂತೆ. ನಿಮ್ಮ ಮುತ್ಯಾ ಹೋದಂದಿನಿಂದ ಒಳ್ಳೆಯ ಕೆಲಸದ ಮುಂದೆ ನಾನು ನಿಲ್ಲುವುದಿಲ್ಲ. ಹಿಂದೆ ಸರಿ ಎಂದು ಯಾರೂ ಅನ್ನುವುದಿಲ್ಲ, ಅನ್ನುವ ಮೊದಲೇ ಸರಿದಿರುತ್ತೇನೆ.

ಈ ಆಟದಲ್ಲಿ ಒಂದು ಪದ್ಧತಿ ಇದೆ, ಕೇಳಿ. ಗಾಡಿ ಮಗುಚಿ ಬಿದ್ದರೆ ಓಡಿಸುವವರು ಅಟ್ಟ ಇಳಿದು ಬಂದು ಎತ್ತುವಂತಿಲ್ಲ. ಈಗಷ್ಟೇ ಓಡಿಸಿ ಮುಗಿಸಿದವರು ಕಿತ್ತಳೆ ಅಂಗಿ ತೊಟ್ಟು ತಿರುವು ತಿರುವಿನಲ್ಲಿ ನಿಂತಿರಬೇಕು. ಮುಂದಿನ ಗುಂಪಿನವರ ಗಾಡಿ ಯಾರದೇ ಬಿದ್ದರೂ ಎತ್ತಿ ನಿಲ್ಲಿಸಬೇಕು. ನಿನ್ನನ್ನು ಸೋಲಿಸಿದವನ ಗಾಡಿಯನ್ನೂ ನೀನೇ ಎತ್ತಬೇಕು. ನಿಲ್ಲದಿದ್ದರೆ ನೀನು ಓಡಿಸಿದ್ದು ಲೆಕ್ಕಕ್ಕಿಲ್ಲ. ನನಗೆ ಈ ಪದ್ಧತಿ ಬಹಳ ಹಿಡಿಸಿತು.

ಕೊನೆಯ ಸುತ್ತಿನಲ್ಲಿ ರೇಣುಕಾ ಚೆನ್ನಾಗಿ ಓಡಿಸಿದಳು. ಹೆಸರು ಹತ್ತನೆಯ ಜಾಗಕ್ಕೆ ಏರಿತು. ಆದರೆ ಕಡೆಯ ದಿಬ್ಬದಲ್ಲಿ ಗಾಡಿ ಓರೆ ಇಳಿದು, ಮುಂದಿನ ಗಾಲಿ ಹಿಡಿದಿರುವ ತೋಳು ಮುರಿಯಿತು. ಅದನ್ನು ಬದಲಿಸಬೇಕು, ಅದೇ ಹೊತ್ತಿಗೆ ತಿರುವಿನಲ್ಲೂ ನಿಲ್ಲಬೇಕು. ಮನೆಯವರು ಯಾರಾದರೂ ಅವಳ ಬದಲಿಗೆ ನಿಂತರೆ ನಡೆಯುತ್ತಿತ್ತು.

ಅವಳು ನನ್ನನ್ನು ನೋಡಿದಳು. ಕೇಳಲಿಲ್ಲ. ಕೇಳಿದ್ದರೆ ನಾನು ಖಂಡಿತ ಆಗುವುದಿಲ್ಲ ಅನ್ನುತ್ತಿದ್ದೆ. ಅವಳು ಭರಣಿ ತೆಗೆದು ಸ್ಕ್ರೂ ಹುಡುಕತೊಡಗಿದಳು.

"ಆ ಅಂಗಿ ಕೊಡ ಇಲ್ಲೆ," ಎಂದೆ.

ಅಂಗಿ ತೊಟ್ಟು ಬಯಲಿನ ನಡುವೆ ನಡೆದು ಹೋದೆ. ತಿರುವಿನಲ್ಲಿ ನಿಂತು ತಲೆ ಎತ್ತಿದರೆ ಎದುರಿಗೆ ಅಟ್ಟ, ಅದರ ಮೇಲೆ ಸಾಲಾಗಿ ನಿಂತ ಮಂದಿ. ಹಕ್ಕಿಯ ಜಾಗದಲ್ಲಿ ಈಗ ನಾನು. ನಗು ಬಂತು. ಗಾಡಿಗಳು ಬಿಟ್ಟವು. ಜೇನುಹುಳದ ಹಿಂಡಿನ ಸದ್ದು, ಕಪ್ಪು ಧೂಳು, ಬಿಸಿಲು. ಅವು ಬರುವುದು, ಹಾಯುವುದು, ಮತ್ತೆ ಬರುವುದು ನೋಡುತ್ತ ನೋಡುತ್ತ ನಾನು ಎಲ್ಲಿದ್ದೇನೆ ಎನ್ನುವುದೇ ಮರೆಯಿತು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಮಗ್ಗದ ಪಕ್ಕದಲ್ಲಿ ಕೂತ ಹಾಗೇ ಇತ್ತು.

ಆಗ ಹಳದಿ ಗಾಡಿಯೊಂದು ನನ್ನ ಕಾಲ ಹತ್ತಿರ ಹಾರಿ ಬಂದು ಅಂಗಾತ ಬಿತ್ತು. ನಾಲ್ಕೂ ಗಾಲಿ ಮೇಲೆ ತಿರುಗುತ್ತಿದ್ದವು. ನಾನು ಬಾಗಿ ಎತ್ತಿದೆ. ಸೆರಗಿನಿಂದ ಧೂಳು ಒರೆಸಿದೆ. ಕಣ್ಣಿಗೆ ಒತ್ತಿಕೊಂಡೆ.

"ದೊಡ್ಡವ್ವಾ! ಬಿಡ್ರಿ ಅದನ್ನ! ಲಗೂ ಬಿಡ್ರಿ! ಪೂಜಿ ಆಮ್ಯಾಲ ಮಾಡೀರಂತ!"

ಅಟ್ಟದ ಮೇಲಿಂದ ಕೂಗಿದವನು ಮಲ್ಲಪ್ಪ. ನರಗುಂದದಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟವನು, ಎಲ್ಲರೂ ಮಲ್ಲಣ್ಣ ಅನ್ನುವುದು. ನಾನು ಗಾಬರಿಯಾಗಿ ಗಾಡಿ ಕೆಳಗಿಟ್ಟೆ. ಅದೂ ಹಿಂದುಮುಂದಾಗಿ. ಅದು ಬಂದ ದಾರಿಗೇ ಓಡಿತು. ಅವನು ಅದನ್ನು ತಿರುಗಿಸಿಕೊಳ್ಳುವಷ್ಟರಲ್ಲಿ ಉಳಿದವರು ಹಾದು ಹೋಗಿದ್ದರು.

ಅವನ ಹಿಂದಿನ ಸುತ್ತುಗಳೆಲ್ಲ ಬ್ಯಾಟರಿಯ ತೊಂದರೆಯಿಂದ ಕೆಟ್ಟಿದ್ದವು. ಇದೊಂದೇ ಅವನಿಗೆ ಉಳಿದಿದ್ದ ಅವಕಾಶ. ಮಾಸ್ತರರು ಮೈಕಿನಲ್ಲಿ ಹೆಸರು ಓದಿದಾಗ ಹತ್ತನೆಯದು ರೇಣುಕಾಳದು, ಹನ್ನೊಂದನೆಯದು ಮಲ್ಲಪ್ಪನದು. ಅವನು ಅಟ್ಟದಿಂದ ದಡದಡ ಇಳಿದು ಬಂದ.

"ಸರ್, ಇದು ಯಾವ ನ್ಯಾಯರಿ? ಈ ದೊಡ್ಡವ್ವಾರು ನನ್ನ ಗಾಡಿಗೆ ಆರತಿ ಒಂದ ಬೆಳಗಲಿಲ್ಲ ನೋಡ್ರಿ, ಉಳದದ್ದೆಲ್ಲಾ ಮಾಡಿದ್ರು!"

ಮಂದಿ ಹೋ ಎಂದು ನಕ್ಕಿತು.

"ನಗಬ್ಯಾಡ್ರಿ. ಇವರು ಯಾರು ಗೊತ್ತೈತೇನು? ಆ ಹುಡುಗಿ ಆಯಿ. ನಾ ಹಿಂದ ಬಿದ್ರ ಯಾರಿಗೆ ಜಾಗಾ ಸಿಕ್ತು, ನೀವ ಹೇಳ್ರಿ."

ನಗು ನಿಂತಿತು. ಮಾಸ್ತರರು ಗಲ್ಲ ಕೆರೆದುಕೊಂಡರು. "ಮಲ್ಲಪ್ಪಾ, ಎತ್ತಿ ನಿಂದರಸಬೇಕು ಅಂತ ಐತಿ. ಎಷ್ಟು ಲಗೂ ಅಂತ ಎಲ್ಲೂ ಇಲ್ಲಪಾ."

"ನಮ್ಮ ಆಯಿ ಅಂಥಾಕಿ ಅಲ್ಲ," ರೇಣುಕಾ ಸಿಡಿದಳು. "ಅಕಿಗೆ ಯಾವ ಗಾಡಿ ಯಾರದು ಅನ್ನೂದರ ಎಲ್ಲಿ ಗೊತ್ತೈತಿ?"

ಗೊತ್ತಿತ್ತು. ಹಳದಿ ಗಾಡಿ ಮಲ್ಲಪ್ಪನದೆಂದು ಅವಳೇ ಬೆಳಿಗ್ಗೆ ತೋರಿಸಿದ್ದಳು. ಒಂದು ವಿಚಿತ್ರ ಹೇಳಲೇ? ಅಷ್ಟು ಅವಮಾನದ ನಡುವೆಯೂ ನನ್ನೊಳಗೆ ಎಲ್ಲೋ ಒಂದು ಸಣ್ಣ ಸಮಾಧಾನ ಇತ್ತು. ಕುಂಕುಮವಿಲ್ಲದ ನನ್ನಂಥವಳು ಅವನ ಗಾಡಿ ಮುಟ್ಟಿದೆನೆಂದು ಅವನು ಸಿಟ್ಟಾಗಿರಲಿಲ್ಲ. ತಡ ಮಾಡಿದೆನೆಂದು ಸಿಟ್ಟಾಗಿದ್ದ. ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನ ಮೇಲೆ ಬೇರೆ ಎಲ್ಲರ ಮೇಲೆ ಕೂಗುವ ಹಾಗೆ ಕೂಗಿದ್ದರು.

ರೇಣುಕಾ ನನ್ನನ್ನು ಪಕ್ಕಕ್ಕೆ ಕರೆದಳು. ಕಣ್ಣು ತುಂಬಿತ್ತು.

"ಆಯಿ, ಖರೇ ಹೇಳ. ನನ್ನ ಸಲುವಾಗಿ ಮಾಡಿದ್ಯೇನು?"

ತಲೆ ಅಲ್ಲಾಡಿಸಿದೆ.

"ಮತ್ಯಾಕ?"

"ಬಿದ್ದಿತ್ತಲ್ಲವಾ," ಎಂದೆ.

ಅವಳು ನನ್ನ ಕೈ ನೋಡಿದಳು, ಸೆರಗಿನ ಮೇಲಿನ ಕಪ್ಪು ಧೂಳು ನೋಡಿದಳು. ಮುತ್ಯಾ ನೇಯುವಾಗ ಅವಳು ಅಂಬೆಗಾಲಿಡುವ ಕೂಸು. ಏನು ನೆನಪಾಯಿತೋ, ಆಗದೇ ಹೋಯಿತೋ, ನನಗೆ ತಿಳಿಯದು. ನೇರ ಮಾಸ್ತರರ ಹತ್ತಿರ ಹೋದಳು.

"ಸರ್, ಮಂದಿ ಅನುಮಾನ ಪಡೂ ಜಾಗಾ ನನಗ ಬ್ಯಾಡರಿ. ಮಲ್ಲಣ್ಣನ ಹೆಸರು ಹಾಕ್ರಿ."

ಅವಳು ಎಷ್ಟು ದಿನದಿಂದ ಕಾದ ಜಾಗ ಅದು ಎಂದು ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಒಂದು ಕ್ಷಣದ ಕೈಯಭ್ಯಾಸ ಅದನ್ನು ಕೊಟ್ಟಿತ್ತು, ಈಗ ಅದೇ ಕಸಿದುಕೊಳ್ಳುತ್ತಿತ್ತು.

"ನಿನ್ನ ದಾನ ನನಗ ಬ್ಯಾಡ ತಂಗಿ," ಎಂದ ಮಲ್ಲಪ್ಪ. ದನಿ ಸ್ವಲ್ಪ ಇಳಿದಿತ್ತು. "ಒಂದು ಕೆಲಸ ಮಾಡೋಣು. ಫೈನಲ್ ನೀನ ಓಡಸು. ದೊಡ್ಡವ್ವಾರು ಅದ ಮೂಲ್ಯಾಗ ನಿಂದರಲಿ. ನಾನೂ ಬಾಜೂಕ ನಿಂದರ್ತೀನಿ. ನಿನ್ನ ಗಾಡಿ ಬಿದ್ರ ಅವರ ಕೈ ಏನ್ ಮಾಡ್ತೈತಿ ನೋಡ್ತೀನಿ. ಅಷ್ಟ."

ಹಾಗೆ ನಾನು ಎರಡನೇ ಸಲ ಬಯಲಿಗೆ ಇಳಿದೆ. ಒಂದು ತಿರುವಿನಲ್ಲಿ ನಾನು, ಮುಂದಿನದರಲ್ಲಿ ಮಲ್ಲಪ್ಪ, ಇಬ್ಬರಿಗೂ ಒಂದೇ ಬಣ್ಣದ ಅಂಗಿ. ಬಿಸಿಲು ಇಳಿಯುತ್ತಿತ್ತು. ಗುಡ್ಡದ ನೆರಳು ಎರೆಯ ಮೇಲೆ ಉದ್ದಕ್ಕೆ ಚಾಚಿ ಮಲಗಿತ್ತು. ನಾನು ಬನಶಂಕರಿಯನ್ನು ಬೇಡಿಕೊಂಡದ್ದು ಒಂದೇ: ಹುಡುಗಿಯ ಗಾಡಿ ನನ್ನ ತಿರುವಿನಲ್ಲಿ ಬೀಳದಿರಲಿ.

ಹತ್ತು ಗಾಡಿ ಬಿಟ್ಟವು. ಹತ್ತನೆಯದಾಗಿ ಹೊರಟ ಕೆಂಪು ದಡಿಯ ಗಾಡಿ ಒಂದೊಂದನ್ನೇ ಹಿಂದೆ ಹಾಕುತ್ತ ಬಂತು. ಏಳು, ಆರು, ಐದು ಎಂದು ಮಾಸ್ತರರ ಮೈಕು ಕೂಗುತ್ತಿತ್ತು. ದಿಬ್ಬದ ಮೇಲಿಂದ ಅದು ಹಾರಿದಾಗ ಸಂಜೆಯ ಬೆಳಕು ದಡಿಯ ಬಿಳಿಹಲ್ಲುಗಳ ಮೇಲೆ ಮಿಂಚಿತು. ನಿಮ್ಮ ಮುತ್ಯಾ ಹೊಸ ಸೀರೆಯನ್ನು ಬಿಸಿಲಿಗೆ ಬಿಡಿಸಿ ಹಿಡಿದ ಹಾಗೆ ಕಂಡಿತು ನನಗೆ. ಹಾಗೆ ನೋಡುತ್ತಿರುವಾಗಲೇ ಹಿಂದಿನ ಗಾಡಿಯೊಂದು ತಾಗಿ, ಅದು ಎರಡು ಸಲ ಉರುಳಿ, ನನ್ನ ಮುಂದೆಯೇ ಅಂಗಾತ ಬಿತ್ತು.

ಎತ್ತು, ಇಡು. ಎತ್ತು, ಇಡು. ಮನಸ್ಸಿನಲ್ಲಿ ಅದನ್ನೇ ಹೇಳಿಕೊಳ್ಳುತ್ತ ನಿಂತಿದ್ದೆ. ಎತ್ತಿದೆ. ಆದರೆ ಕೈ ನನ್ನನ್ನು ಕೇಳಲಿಲ್ಲ. ಸೆರಗು ತಾನೇ ಬಂತು. ಧೂಳು ಒರೆಸಿತು. ಗಾಡಿ ಕಣ್ಣಿಗೆ ಬಂತು, ಬಿಸಿ ಮೋಟರಿನ ವಾಸನೆ, ಮಣ್ಣಿನ ವಾಸನೆ. ಆಮೇಲೆ ಮೂತಿ ಮುಂದೆ ಮಾಡಿ ನೆಲಕ್ಕಿಟ್ಟೆ. ಅಟ್ಟದ ಮೇಲಿಂದ ಯಾರೂ ಕೂಗಲಿಲ್ಲ. ರೇಣುಕಾ ರಿಮೋಟ್ ಹಿಡಿದು ಕಾಯುತ್ತ ನಿಂತಿದ್ದಳು, ಮುತ್ಯಾ ಕುಣಿಯಲ್ಲಿ ಕೂತು ಕೈ ಚಾಚಿ ಕಾಯುತ್ತಿದ್ದ ಹಾಗೆ.

ಅಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಅವಳು ಅವರನ್ನು ಹಿಡಿಯಬೇಕೆಂದು ಜೋರಾಗಿ ಬಿಟ್ಟಳು; ಕಡೆಯ ಸುತ್ತಿನಲ್ಲಿ ಅಂಟು ಬಿಚ್ಚಿ ಹಿಂದಿನ ಟಾಯರೊಂದು ಹಾರಿಹೋಯಿತು. ಮೂರು ಟಾಯರಿನ ಗಾಡಿ ಕುಂಟುತ್ತ, ಓಲಾಡುತ್ತ, ಕಡೆಯದಾಗಿ ಗೆರೆ ದಾಟಿತು. ಗೆದ್ದವನಿಗಿಂತ ಹೆಚ್ಚು ಚಪ್ಪಾಳೆ ಅದಕ್ಕೇ ಬಿತ್ತು.

ಅವಳು ಅಟ್ಟದಿಂದ ಇಳಿದು ಬಂದಳು.

"ಆಯಿ, ಈಗ ಅದು ನನ್ನ ಫೈನಲ್ ಆತು," ಎಂದಳು. ಮುಖದ ತುಂಬ ಕಪ್ಪು ಧೂಳು, ಅದರ ನಡುವೆ ಹಲ್ಲು.

ಮಲ್ಲಪ್ಪ ಹಾರಿಹೋದ ಟಾಯರು ಹುಡುಕಿ ತಂದ. ಅದನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ನನ್ನ ಹಾಗೆ ಅವನಿಗೂ ಮಾತು ಸಿಗದ್ದು ನೋಡಿ ನನಗೆ ಅವನ ಮೇಲೆ ಪ್ರೀತಿ ಬಂತು.

"ದೊಡ್ಡವ್ವಾ, ತಪ್ಪ ತಿಳೀಬ್ಯಾಡ್ರಿ," ಎಂದ ಕಡೆಗೆ. "ಇದಕ್ಕೊಂದು ನಮಸ್ಕಾರ ಉಳದೈತಿ, ತಗೋರಿ."

ನನ್ನ ಕೈಗೆ ಟಾಯರು ಕೊಟ್ಟ. ನಾನೇನು ಮಾಡಿದೆ ಎಂದು ಹೇಳಬೇಕೇ? ಅವನೂ, ರೇಣುಕಾಳೂ, ಮಾಸ್ತರರೂ ನಕ್ಕರು. ನಾನೂ ನಕ್ಕೆ, ಅಷ್ಟು ಮಂದಿಯ ಮುಂದೆ, ಸದ್ದು ಬರುವಂತೆ.

ಜಗಲಿಯ ಮೇಲಿನ ಗಾಲಿ ಅದೇ. ದಿನಾ ಬೆಳಿಗ್ಗೆ ಲಾಳಿ ಒರೆಸುವಾಗ ಅದನ್ನೂ ಒರೆಸುತ್ತೇನೆ. ಅದರ ಮುಳ್ಳುಗಳ ಸಂದಿಯಲ್ಲಿ ನರಗುಂದದ ಎರೆ ಇನ್ನೂ ಸ್ವಲ್ಪ ಇದೆ, ಅದನ್ನು ಮಾತ್ರ ತೆಗೆದಿಲ್ಲ.

ಮುಂದಿನ ವರ್ಷದ ಪಂದ್ಯ ನಮ್ಮ ಗಜೇಂದ್ರಗಡದಲ್ಲೇ ಆಯಿತು. ನಾನು ಬೇವಿನ ಗಿಡದ ಹಿಂದೆ ಕೂಡಲಿಲ್ಲ, ಮುಂದೆ ಕೂತಿದ್ದೆ. ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ರೇಣುಕಾ ಫೈನಲ್ಲಿನಲ್ಲಿ ಎರಡನೆಯ ಜಾಗದಲ್ಲಿ ಓಡಿಸುತ್ತಿದ್ದಳು. ದೊಡ್ಡ ದಿಬ್ಬದ ಆಚೆಯ ತಿರುವಿನಲ್ಲಿ ಅವಳ ಗಾಡಿ ಮಗುಚಿ ಬಿತ್ತು. ಅಲ್ಲಿ ಕಿತ್ತಳೆ ಅಂಗಿ ತೊಟ್ಟು ನಿಂತವನು ಮಲ್ಲಪ್ಪ. ಅವನು ಓಡಿ ಬಂದು ಎತ್ತಿದ. ಎತ್ತಿದವನು ಅಂಗಿಯ ತುದಿಯಿಂದ ಕೆಂಪು ಧೂಳು ಒರೆಸಿದ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗಾಡಿಯನ್ನು ಕಣ್ಣಿಗೆ ಒತ್ತಿಕೊಂಡ.

ಅಟ್ಟದ ಮೇಲಿಂದ ನಿಮ್ಮ ಅಕ್ಕ ಕಿರುಚಿದ್ದು ಕಾಲಕಾಲೇಶ್ವರದ ಗುಡ್ಡಕ್ಕೂ ಕೇಳಿರಬೇಕು:

"ಮಲ್ಲಣ್ಣಾ! ಬಿಡೋ ಅದನ್ನ! ಲಗೂ ಬಿಡೋ!"